ಮಣ್ಣೆತ್ತು, ಗುಳ್ಳವ್ವ: ಆಟಿಕೆಯಲ್ಲಿ ಮೂಡದ ದುಡಿಮೆ

ಇಂದಿನ ತೆಲಂಗಾಣದ ಅಲಂಪುರ ಮತ್ತು ಗದ್ವಾಲ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಕೃಷ್ಣಾ-ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನ ಹಿಂದಿನ ತಲೆಮಾರುಗಳ ಬಾಲ್ಯವನ್ನು ಅರಿಯಲು ರಾಯಚೂರು ಸೀಮೆಯ ಎರಡು ಮಣ್ಣಿನ ಆಚರಣೆಗಳು ನೆರವಾಗುತ್ತವೆ.

ಕಾರಹುಣ್ಣಿಮೆಯಂದು ನಿಜವಾದ ಎತ್ತುಗಳಿಗೆ ಸಿಂಗಾರ. ಹದಿನೈದು ದಿನಗಳ ತರುವಾಯ, ಅಮಾವಾಸ್ಯೆಯಂದು, ಮಣ್ಣಿನ ಜೋಡೆತ್ತುಗಳಿಗೆ ಪೂಜೆ. ಪೂಜೆ ಇಡೀ ಮನೆಯದು. ಆ ಎತ್ತುಗಳು ಎಳೆಯಬೇಕಾದ ನೇಗಿಲು ಮಾತ್ರ ಗಂಡುಮಕ್ಕಳ ಪಾಲಿನದು. ಮುಂದೆ ಆಷಾಢದ ಮಂಗಳವಾರಗಳಂದು ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿಯಿಂದ ಅಲಂಕರಿಸಿ, ಹಾಡಿ, ಬುತ್ತಿಯೊಡನೆ ಊರ ಹೊರಗೆ ಹೋಗಿ ಕೂಡಿ ಉಣ್ಣುತ್ತಿದ್ದರು. ಈ ಆಟ ಸಿಂಗಾರ, ಅಡುಗೆ, ಆರೈಕೆಗಳನ್ನು ಕಲಿಸಿತು. ಹೊಸ್ತಿಲು ದಾಟುವ ಅವಕಾಶವನ್ನೂ ಕೊಟ್ಟಿತು.

ಬಿತ್ತನೆಯ ಬೆನ್ನಿಗೆ ಬರುವ ಕಳೆ ಕೀಳುವುದು, ಮುಂದೆ ಹತ್ತಿ ಬಿಡಿಸುವುದು ಹೆಚ್ಚಾಗಿ ಹೆಂಗಸರ ದುಡಿಮೆ. ಈ ಎರಡೂ ಆಚರಣೆಗಳಲ್ಲಿ ಆ ದುಡಿಮೆಗೆ ಮಣ್ಣಿನ ರೂಪವಿಲ್ಲ. ನೇಗಿಲೆಳೆಯುವ ಎತ್ತು ಪೂಜ್ಯವಾಯಿತು. ಕಳೆ ಕೀಳುವ ಕೈ ಆಟಿಕೆಯಾಗಿಯೂ ಬರಲಿಲ್ಲ. ಆಟಿಕೆಗಳನ್ನು ಚರಿತ್ರೆಯ ಆಕರವಾಗಿ ಓದುವವರು ಮಣ್ಣಿನಲ್ಲಿ ಮೂಡಿದ್ದರ ಜೊತೆಗೆ ಮೂಡದೆ ಉಳಿದದ್ದನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.