ನೆರೂಳದ ಮಕ್ಕಳ ಮೈನಸ್ ನಂಬರು

1970ರಲ್ಲಿ ನವಿ ಮುಂಬಯಿ ಕಟ್ಟಲು ಸರ್ಕಾರಿ ಸಂಸ್ಥೆ ಸಿಡ್ಕೊ ಹುಟ್ಟಿಕೊಂಡಾಗ ನೆರೂಳ, ಶಿರವಣೆ, ಸಾರಸೋಳೆ, ಕರಾವೆಗಳು ಆಗ್ರಿ, ಕೋಳಿ ಸಮುದಾಯಗಳ ಊರುಗಳು. ಉತ್ತರ ಕನ್ನಡದ ಉಪ್ಪುನೀರಿನ ಗಜನಿಯಂಥ ಭತ್ತದ ಗದ್ದೆ, ಖಾಡಿಯ ಅಂದರೆ ಕಡಲ ಹಿನ್ನೀರಿನ ಮೀನು. ಮಕ್ಕಳ ಹಗಲೂ ಬಹುಪಾಲು ಬಯಲಲ್ಲೇ. 1973ರಲ್ಲಿ ವಾಶಿ ಸೇತುವೆ ಬಂತು, 1993ರಲ್ಲಿ ಲೋಕಲ್ ರೈಲು. ಅವುಗಳ ಬೆನ್ನಿಗೆ ಸೆಕ್ಟರು, ಸೊಸೈಟಿ, ಇಂಗ್ಲಿಷ್ ಶಾಲೆ, ಟ್ಯೂಷನ್. ಇಂಥ ಊರಿನ ಚರಿತ್ರೆ ಬರೆಯುವವರು ಭೂಸ್ವಾಧೀನದ ಕಡತದ ಜೊತೆಗೆ ಮಕ್ಕಳ ಕಣ್ಣನ್ನೂ ನೋಡಬೇಕು. ದೂರದ್ದು ಮಸುಕಾಗಿ ಮೈನಸ್ ನಂಬರು ಬರುವ ದೋಷವಾದ ಸಮೀಪದೃಷ್ಟಿ ವಂಶದಿಂದ ಬರುವುದು, ಊರಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಹೆತ್ತವರಿಗಿದ್ದರೆ ಮಗುವಿಗೆ ಬರುವ ಸಂಭವ ಹೆಚ್ಚು, ಒಪ್ಪೋಣ. ಆದರೆ ಅಲಾಸ್ಕಾದ ಬ್ಯಾರೋ ಊರಿನ ಎಸ್ಕಿಮೊ ಕುಟುಂಬಗಳ ಕಣ್ಣಿನ ತಪಾಸಣೆ 1969ರಲ್ಲಿ ಪ್ರಕಟವಾದಾಗ, ಬೇಟೆಯಾಡಿ ಬೆಳೆದ ಹಿರಿಯರಲ್ಲಿ ಅದು ತೀರ ಅಪರೂಪ, ಶಾಲೆಗೆ ಹೋದ ಎಳೆಯರಲ್ಲಿ ಅರ್ಧಕ್ಕರ್ಧ. ಒಂದೆರಡು ತಲೆಮಾರಿನಲ್ಲಿ ರಕ್ತ ಬದಲಾಗದು, ದಿನಚರಿ ಬದಲಾಗುತ್ತದೆ. ನೆರೂಳ ಗದ್ದೆಯಿಂದ ಫ್ಲ್ಯಾಟಿಗೆ ಬಂದದ್ದೂ ಅಷ್ಟೇ ಅವಧಿಯಲ್ಲಿ.

ಹಾಗಾದರೆ ಕಾರಣ ಮೊಬೈಲೇ? ಮೊಬೈಲಿಲ್ಲದ ಕಾಲದಲ್ಲೂ ಈ ದೋಷವಿತ್ತು. ಪ್ರಷ್ಯಾದ ಬ್ರೆಸ್ಲೌ ನಗರದ ಕಣ್ಣಿನ ವೈದ್ಯ ಹರ್ಮನ್ ಕೋನ್ ಹತ್ತು ಸಾವಿರ ಶಾಲಾಮಕ್ಕಳ ಕಣ್ಣು ಪರೀಕ್ಷಿಸಿ, ತರಗತಿ ಏರಿದಂತೆ ಈ ದೋಷವೂ ಏರುತ್ತದೆಂದು 1867ರಲ್ಲೇ ತೋರಿಸಿದ್ದ. ಹತ್ತಿರ ಹಿಡಿದು ಓದುವುದರ ಪಾಲು ಇದ್ದೇ ಇದೆ. ಅದಕ್ಕಿಂತ ದೊಡ್ಡ ನಷ್ಟ ಹಗಲಿನದೆಂದು ನನಗನ್ನಿಸುತ್ತದೆ. ಕೋಣೆಯ ದೀಪ ಕೆಲವು ನೂರು ಲಕ್ಸ್ ಬೆಳಕು ಕೊಟ್ಟರೆ ಬಯಲು ಹತ್ತಾರು ಸಾವಿರ ಕೊಡುತ್ತದೆ; ಪ್ರಖರ ಬೆಳಕಿಗೆ ಅಕ್ಷಿಪಟಲದಲ್ಲಿ ಸ್ರವಿಸುವ ಡೋಪಮಿನ್ ಎಂಬ ರಾಸಾಯನಿಕ, ಸಮೀಪದೃಷ್ಟಿಗೆ ಮೂಲವಾದ ಕಣ್ಣುಗುಡ್ಡೆಯ ಉದ್ದವಾಗುವಿಕೆಯನ್ನು ತಡೆಯುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ. ಚೀನಾದ ಗ್ವಾಂಗ್‌ಝೌನಲ್ಲಿ ಕೆಲವು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೊರಗಿನ ತರಗತಿ ಸೇರಿಸಿದರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಅವರಲ್ಲಿ ಶೇ. 30.4, ಉಳಿದವರಲ್ಲಿ ಶೇ. 39.5, ವರದಿ 2015ರದು. ನೆರೂಳದಲ್ಲಿ ವಂಡರ್ಸ್ ಪಾರ್ಕ್ ಇಲ್ಲವೇ ಎಂದರೆ, ಇದೆ. ಕೊರತೆ ಜಾಗದ್ದಲ್ಲ, ಹೊತ್ತಿನದು. ಟ್ಯೂಷನ್ ಮುಗಿಸಿದ ಮಗು ಪಾರ್ಕಿಗೆ ಬಂದರೂ ಅಷ್ಟರಲ್ಲಿ ದೀಪ ಹತ್ತಿರುತ್ತದೆ.

ಒಮ್ಮೆ ನಂಬರು ಬಂದ ಮೇಲೆ ಬಿಸಿಲೊಂದನ್ನೇ ನಂಬುವಂತಿಲ್ಲ. ಮಾಮೂಲಿ ಮೈನಸ್ ಗಾಜು ನೋಟ ತಿದ್ದುತ್ತದೆ, ಗುಡ್ಡೆಯ ಬೆಳವಣಿಗೆ ತಡೆಯದು. ನೋಟದ ಅಂಚಿನಿಂದ ಬರುವ ಬೆಳಕು ಅಕ್ಷಿಪಟಲದ ಹಿಂದೆ ಕೂಡಿದರೆ ಗುಡ್ಡೆ ಅತ್ತ ಬೆಳೆಯುತ್ತದೆ ಎಂಬುದು ಒಂದು ತರ್ಕ. ಅದಕ್ಕೇ ಹೊಸ ಗಾಜಿನಲ್ಲಿ ನಡುಭಾಗದ ಸುತ್ತ ನೂರಾರು ಪುಟ್ಟ ಮಸೂರಗಳನ್ನು ಕೂರಿಸಿ, ಒಂದಿಷ್ಟು ಬೆಳಕನ್ನು ಅಕ್ಷಿಪಟಲದ ಮುಂದೆಯೇ ಕೂಡಿಸುತ್ತಾರೆ. ಹಾಂಗ್‌ಕಾಂಗ್‌ನ ಎರಡು ವರ್ಷಗಳ ಪ್ರಯೋಗದಲ್ಲಿ ಇದು ನಂಬರಿನ ಏರಿಕೆಯನ್ನು ಶೇ. 52ರಷ್ಟು ತಗ್ಗಿಸಿತು. ತಗ್ಗಿಸಿತು, ನಿಲ್ಲಿಸಲಿಲ್ಲ, ಬೆಲೆಯೂ ಮಾಮೂಲಿ ಗಾಜಿನ ಹಲವು ಪಟ್ಟು. ದುಬಾರಿಯೆಂದು, ಕಣ್ಣಿಗೆ ಅಭ್ಯಾಸವಾಗಲೆಂದು ಕಡಿಮೆ ನಂಬರಿನ ಕನ್ನಡಕ ಹಾಕಿಸುವುದೂ ದಾರಿಯಲ್ಲ: 2002ರಲ್ಲಿ ಪ್ರಕಟವಾದ ಮಲೇಷ್ಯಾದ ಪ್ರಯೋಗದಲ್ಲಿ ನಂಬರು ಬೇಗ ಏರಿದ್ದು ಅಂಥ ಕನ್ನಡಕ ತೊಟ್ಟ ಮಕ್ಕಳಲ್ಲೇ.