ತಡವಾಗಿ ಒಲಿದ ಧ್ವನಿಮುದ್ರಿಕೆ



ಹೊಸ ಸಂಗೀತವೊಂದನ್ನು ಕೇಳಿ, "ಇದರಲ್ಲೇನಿದೆ?" ಎಂದು ಬದಿಗಿಟ್ಟ ಅನುಭವ ನಿಮಗೂ ಆಗಿರಬೇಕು. ಆ ಮೊದಲ ತೀರ್ಪನ್ನು ಎಷ್ಟರಮಟ್ಟಿಗೆ ನಂಬಬಹುದು? ಅಮೆರಿಕದ ರಾಕ್ ಸಂಗೀತದ ಇತಿಹಾಸದಲ್ಲಿ ಇದಕ್ಕೊಂದು ಉತ್ತರವಿದೆ.

ದೊಡ್ಡ ಕಂಪನಿಗಳ ಹಂಗಿಲ್ಲದೆ, ಸಣ್ಣ ಸ್ವತಂತ್ರ ಸಂಸ್ಥೆಗಳ ಮೂಲಕ ಹೊರಬಂದ ರಾಕ್ ಸಂಗೀತವನ್ನು 1980ರ ದಶಕದಿಂದ 'ಇಂಡಿ ರಾಕ್' ಎಂದು ಕರೆಯುವುದು ರೂಢಿಯಾಯಿತು. ಈ ಸಂಸ್ಥೆಗಳಿಗೆ ಜಾಹೀರಾತಿನ ಹಣವಿರಲಿಲ್ಲ. ಕಾಲೇಜು ರೇಡಿಯೊ, ಪುಟ್ಟ ಪತ್ರಿಕೆಗಳು, ಗೆಳೆಯರು ನಕಲು ಮಾಡಿಕೊಟ್ಟ ಕ್ಯಾಸೆಟ್ಟುಗಳೇ ಅವುಗಳ ಪ್ರಚಾರ.

ಕೆಂಟಕಿ ರಾಜ್ಯದ ಲೂಯಿವಿಲ್ ನಗರದ 'ಸ್ಲಿಂಟ್' ತಂಡ ಈ ಲೋಕಕ್ಕೆ ಸೇರಿದ್ದು. ತಂಡದ ನಾಲ್ವರು ತರುಣರು 1990ರ ಆಗಸ್ಟ್‌ನಲ್ಲಿ ಷಿಕಾಗೋದಲ್ಲಿ ಕೆಲವೇ ದಿನಗಳಲ್ಲಿ 6 ಹಾಡುಗಳನ್ನು ಧ್ವನಿಮುದ್ರಿಸಿದರು. ಒಟ್ಟು ಅವಧಿ ಸುಮಾರು 40 ನಿಮಿಷ. ಟಚ್ ಅಂಡ್ ಗೋ ಸಂಸ್ಥೆ 1991ರ ಮಾರ್ಚ್‌ನಲ್ಲಿ 'ಸ್ಪೈಡರ್‌ಲ್ಯಾಂಡ್' ಎಂಬ ಹೆಸರಿನಲ್ಲಿ ಇದನ್ನು ಹೊರತಂದಿತು. ಆ ವೇಳೆಗೆ ತಂಡವೇ ಒಡೆದುಹೋಗಿತ್ತು. ಊರೂರು ಸುತ್ತಿ ಹಾಡುಗಳನ್ನು ಪರಿಚಯಿಸುವವರೇ ಇರಲಿಲ್ಲ.

ಮೊದಲ ಬಾರಿ ಕೇಳುವವರಿಗೆ ಇದು ಸುಲಭವಾಗಿ ದಕ್ಕುವುದಿಲ್ಲ. ಬಾಯಲ್ಲಿ ನಿಲ್ಲುವ ಪಲ್ಲವಿಯಿಲ್ಲ. ಬ್ರಯನ್ ಮೆಕ್‌ಮಹಾನ್ ಹಲವೆಡೆ ಹಾಡುವುದಕ್ಕಿಂತ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ಕೇಳಿಸದೆಂದು ನೀವು ಧ್ವನಿ ಏರಿಸಿದರೆ, ಮರುಕ್ಷಣ ಗಿಟಾರುಗಳು ಗುಡುಗುತ್ತವೆ! 'ನೋಸ್ಫೆರಾಟು ಮ್ಯಾನ್' ಹಾಡಿನಲ್ಲಿ 5 ಎಣಿಕೆಯ ಲಯ ಬರುತ್ತದೆ. ರಾಕ್‌ನ 4 ಎಣಿಕೆಗೆ ಒಗ್ಗಿದ ಕಾಲು ಅಲ್ಲಿ ಎಡವುತ್ತದೆ. ನಮ್ಮ ಖಂಡ ಚಾಪು ಬಲ್ಲವರು ಕೈಯಲ್ಲಿ ಎಣಿಸಿ ನೋಡಬಹುದು.

ಆದರೆ ಮೂರನೆಯ, ನಾಲ್ಕನೆಯ ಸಲ ಕೇಳುವಾಗ ಆ ಪಿಸುಮಾತುಗಳು ಬಿಡಿಬಿಡಿಯಾಗಿ ಕೇಳತೊಡಗುತ್ತವೆ. ಕೊನೆಯ ಹಾಡು 'ಗುಡ್ ಮಾರ್ನಿಂಗ್, ಕ್ಯಾಪ್ಟನ್' ಹಡಗು ಕಳೆದುಕೊಂಡು ಬಾಗಿಲು ಬಡಿಯುವ ಕಪ್ತಾನನ ಕಥೆ. ಅದರ ಅಂತ್ಯದ ಆಕ್ರಂದನಕ್ಕೆ ಅಷ್ಟು ಬಲ ಬಂದದ್ದು ಅದಕ್ಕೆ ಮುಂಚಿನ ಮೌನದಿಂದಲೇ ಎಂಬುದು ಆಗ ಹೊಳೆಯುತ್ತದೆ. ಧ್ವನಿಮುದ್ರಿಕೆ ಬದಲಾಗಿಲ್ಲ, ನಮ್ಮ ಕಿವಿ ಬದಲಾಗಿದೆ. ಮೊದಲ ಸಲ ನಾವು ಕೇಳಿದ್ದು ಸಂಗೀತವನ್ನಲ್ಲ, ನಮ್ಮ ನಿರೀಕ್ಷೆಯನ್ನು.

ಇದನ್ನು ಬೇಗನೆ ಗುರುತಿಸಿದವರು ತಂಡದ ಮೊದಲ ಧ್ವನಿಮುದ್ರಿಕೆ 'ಟ್ವೀಜ್'ಗೆ ಕೆಲಸ ಮಾಡಿದ್ದ ಸ್ಟೀವ್ ಆಲ್ಬಿನಿ. ಬ್ರಿಟನ್ನಿನ 'ಮೆಲೊಡಿ ಮೇಕರ್' ವಾರಪತ್ರಿಕೆಯಲ್ಲಿ ಅವರು ಇದಕ್ಕೆ 10 ನಕ್ಷತ್ರಗಳನ್ನು ಕೊಟ್ಟು, ಹತ್ತು ವರ್ಷಗಳಲ್ಲಿ ಇದೊಂದು ಮೈಲಿಗಲ್ಲಾಗುವುದೆಂದು ಬರೆದರು. ಮಾರಾಟ ಮಾತ್ರ ಆರಂಭದಲ್ಲಿ ಅಲ್ಪ. ಆದರೂ ಅದು ಕೈಯಿಂದ ಕೈಗೆ ಸಾಗಿತು. 1995ರ 'ಕಿಡ್ಸ್' ಚಿತ್ರದ ಧ್ವನಿಮುದ್ರಿಕೆಯಲ್ಲಿ ಆ ಕೊನೆಯ ಹಾಡು ಸೇರಿತು. ಗ್ಲಾಸ್ಗೋದ 'ಮೊಗ್ವಾಯ್'ನಂಥ ತಂಡಗಳು ಅದರ ಪ್ರಭಾವ ಪಡೆದವು. 'ಪೋಸ್ಟ್ ರಾಕ್' ಎಂಬ ಪ್ರಕಾರದ ಬೇರುಗಳಲ್ಲಿ ಒಂದೆಂದು ವಿಮರ್ಶಕರು ಅದನ್ನು ಎಣಿಸಿದರು. 2005ರಲ್ಲಿ ತಂಡ ಕಚೇರಿಗಳಿಗಾಗಿ ಮತ್ತೆ ಒಂದುಗೂಡಿತು. 2014ರಲ್ಲಿ ತಂಡದ ಕುರಿತ ಸಾಕ್ಷ್ಯಚಿತ್ರವೂ ಬಂದಿತು.

ಇತಿಹಾಸ ಓದುವ ನಿಮಗೆ ಇಲ್ಲೊಂದು ಪಾಠವಿದೆ. 1991ರ ಮಾರಾಟದ ಲೆಕ್ಕವನ್ನಷ್ಟೇ ನೋಡಿದ್ದರೆ ಈ ಕೃತಿಯ ಹೆಸರೂ ಉಳಿಯುತ್ತಿರಲಿಲ್ಲ. ಅದನ್ನು ಉಳಿಸಿದವರು, ಅರ್ಥವಾಗದಿದ್ದರೂ ಮತ್ತೊಮ್ಮೆ ಕೇಳಿದ ಕೆಲವರು. ನೀವು ಬದಿಗಿಟ್ಟ ಹಾಡೋ ಪುಸ್ತಕವೋ ಒಂದಿದ್ದರೆ, ಈ ವಾರ ಅದಕ್ಕೆ ಇನ್ನೊಂದು ಅವಕಾಶ ಕೊಟ್ಟು ನೋಡಿ.