ಐತಿಹಾಸಿಕ ಪ್ರೇಮಕಾದಂಬರಿಯೂ ಶಾಂತಲಾದೇವಿಯ ಶಾಸನವೂ

ಕಳೆದ ಚಾತುರ್ಮಾಸ್ಯದ ದಿನಗಳಲ್ಲಿ ನಮ್ಮೂರಿನ ಬಸದಿಯ ಗ್ರಂಥಭಂಡಾರಕ್ಕೆ, ಸ್ವರ್ಗಸ್ಥರಾದ ಓರ್ವ ವೃದ್ಧ ಶ್ರಾವಿಕೆಯ ಮಕ್ಕಳು ತಾಯಿಯ ಪುಸ್ತಕಗಳನ್ನೆಲ್ಲ ದಾನವಾಗಿ ಒಪ್ಪಿಸಿದರು. ಒಟ್ಟು ಎರಡು ಟ್ರಂಕುಗಳು. ಒಂದರಲ್ಲಿ ಆದಿಪುರಾಣದ ಗದ್ಯಾನುವಾದ, ರತ್ನಕರಂಡಕ ಶ್ರಾವಕಾಚಾರ, ನಿತ್ಯಪೂಜೆಯ ಪುಸ್ತಕಗಳು. ಇನ್ನೊಂದರಲ್ಲಿ ಬರಿಯ ಕಾದಂಬರಿಗಳು. ಅವುಗಳಲ್ಲಿಯೂ ಹೆಚ್ಚಿನವು ರಾಜರಾಣಿಯರ ಕಥೆಗಳು. ಹಾಳೆಗಳ ಅಂಚು ಮೊದಲನೆಯ ಟ್ರಂಕಿನ ಪುಸ್ತಕಗಳಿಗಿಂತ ಎರಡನೆಯದರಲ್ಲಿ ಹೆಚ್ಚು ಸವೆದಿತ್ತೆಂಬುದನ್ನು ನಾನು ಯಾರಿಗೂ ಹೇಳಲಿಲ್ಲ. ಟ್ರಸ್ಟಿನ ಸಭೆಯಲ್ಲಿ ಹಿರಿಯರೊಬ್ಬರು, ಶಾಸ್ತ್ರಗಳಿರುವ ಬೀರುವಿನಲ್ಲಿ ಕಾದಂಬರಿಗಳನ್ನಿಡುವುದು ಸಲ್ಲದು, ಇವು ವಿಕಥೆಗಳು ಎಂದು ಆಕ್ಷೇಪಿಸಿದರು. ವಿಷಯವನ್ನು ಪರಿಶೀಲಿಸಿ ವರದಿ ಒಪ್ಪಿಸುವ ಹೊಣೆ ಈ ಲೇಖಕನ ಪಾಲಿಗೆ ಬಂದಿತು. ಜವಳಿ ವ್ಯಾಪಾರಿಗೆ ಈ ಕೆಲಸವೇಕೆ ಎಂದು ಓದುಗರು ಕೇಳಬಹುದು. ಲೆಕ್ಕಪತ್ರ ನೋಡಬಲ್ಲವನು ಎಲ್ಲವನ್ನೂ ನೋಡಬಲ್ಲನೆಂಬುದು ನಮ್ಮ ಟ್ರಸ್ಟಿಗಳ ನಂಬಿಕೆ.

ಹಿರಿಯರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸ್ತ್ರೀಕಥೆ, ಭಕ್ತಕಥೆ, ದೇಶಕಥೆ, ರಾಜಕಥೆ ಎಂಬ ನಾಲ್ಕು ವಿಕಥೆಗಳನ್ನು ನಮ್ಮ ಆಚಾರ್ಯರು ಹದಿನೈದು ಪ್ರಮಾದಗಳಲ್ಲಿ ಮೊದಲಿಗೆ ಎಣಿಸಿದ್ದಾರೆ. ಐತಿಹಾಸಿಕ ಪ್ರೇಮಕಾದಂಬರಿಯು ಇವುಗಳಲ್ಲಿ ಸ್ತ್ರೀಕಥೆಯೂ ಹೌದು, ರಾಜಕಥೆಯೂ ಹೌದು. ಅರಮನೆಯ ಭೋಜನದ ವರ್ಣನೆ ಬಂದರೆ ಭಕ್ತಕಥೆಯೂ ಆದೀತು. ಸಮಂತಭದ್ರಾಚಾರ್ಯರು ಗೃಹಸ್ಥನ ಅನರ್ಥದಂಡಗಳಲ್ಲಿ ‘ದುಃಶ್ರುತಿ’ಯನ್ನು ಸೇರಿಸಿ, ರಾಗದ್ವೇಷಗಳಿಂದಲೂ ಕಾಮದಿಂದಲೂ ಚಿತ್ತವನ್ನು ಕಲುಷಗೊಳಿಸುವ ಕಥೆಗಳನ್ನು ಕೇಳುವುದು ಪ್ರಯೋಜನವಿಲ್ಲದ ಪಾಪವೆಂದು ವಿಧಿಸಿದ್ದಾರೆ.

ಆದರೆ ಅದೇ ಪರಂಪರೆಯ ಕವಿಗಳು ಏನು ಮಾಡಿದರೆಂಬುದನ್ನೂ ನೋಡಬೇಕು. ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸಿದಾಗ ಲಲಿತಾಂಗ-ಸ್ವಯಂಪ್ರಭೆಯರ ಪ್ರೇಮವನ್ನೂ, ಅವರೇ ಮರುಜನ್ಮದಲ್ಲಿ ವಜ್ರಜಂಘ-ಶ್ರೀಮತಿಯರಾಗಿ ಕೂಡಿ, ಧೂಪದ ಹೊಗೆಯಲ್ಲಿ ಉಸಿರುಕಟ್ಟಿ ಒಬ್ಬರ ತೋಳಿನಲ್ಲೊಬ್ಬರು ಪ್ರಾಣಬಿಟ್ಟುದನ್ನೂ ಎಷ್ಟು ತನ್ಮಯನಾಗಿ ಹೇಳಿದನೆಂಬುದು ಬಲ್ಲವರಿಗೆ ತಿಳಿದಿದೆ. ಆ ವಜ್ರಜಂಘನ ಜೀವವೇ ಮುಂದೆ ಆದಿತೀರ್ಥಂಕರನಾಯಿತು. ಪಾದಲಿಪ್ತಸೂರಿಗಳ ಪ್ರಾಕೃತ ‘ತರಂಗವತೀ’ ಚಕ್ರವಾಕ ದಂಪತಿಗಳು ಮನುಷ್ಯರಾಗಿ ಹುಟ್ಟಿ ಮತ್ತೆ ಪರಸ್ಪರರನ್ನು ಗುರುತಿಸಿದ ಕಥೆ. ಮೂಲವು ನಷ್ಟವಾದರೂ ಸಂಗ್ರಹರೂಪದಲ್ಲಿ ಉಳಿದಿದೆ. 779ರಲ್ಲಿ ‘ಕುವಲಯಮಾಲಾ’ ಬರೆದ ಉದ್ದ್ಯೋತನಸೂರಿಗಳು ಧರ್ಮ, ಅರ್ಥ, ಕಾಮಗಳು ಮೂರೂ ಬೆರೆತ ಸಂಕೀರ್ಣಕಥೆಗೆ ಸ್ಥಾನ ಕೊಟ್ಟರು. ಇನ್ನು ನಮ್ಮ ನೇಮಿಚಂದ್ರನಂತೂ ಹೊಯ್ಸಳರ ಕಾಲದಲ್ಲಿ, ಬನವಾಸಿಯ ರಾಜಕುಮಾರ ಕಂದರ್ಪನು ಕನಸಿನಲ್ಲಿ ಕಂಡ ಲೀಲಾವತಿಯನ್ನರಸುತ್ತ ಹೊರಟ ಕಥೆಯನ್ನು ಚಂಪುವಾಗಿ ಬರೆದನು. ಶೃಂಗಾರವೇ ಮೈವೆತ್ತ ಕಾವ್ಯವದು. ಅದನ್ನು ಬರೆದ ಕೈಯೇ ಮುಂದೆ ನೇಮಿನಾಥ ಪುರಾಣವನ್ನು ಕೈಗೊಂಡಿತು. ಕನ್ನಡದಲ್ಲಿ ಹಳೆಯ ರಾಜಧಾನಿಯೊಂದನ್ನು ರಂಗಭೂಮಿಯಾಗಿಸಿ ಪ್ರೇಮಕಥೆ ಹೇಳಿದ ಪೂರ್ವಿಕರನ್ನು ಹುಡುಕುವವರು ವಾಲ್ಟರ್ ಸ್ಕಾಟನ ಮನೆಯವರೆಗೆ ಹೋಗಬೇಕಾಗಿಲ್ಲ.

ಕಾದಂಬರಿಯೆಂಬ ರೂಪವೇನೋ ಹೊರಗಿನಿಂದ ಬಂದದ್ದೇ. ಸ್ಕಾಟನ ಮೊದಲ ಐತಿಹಾಸಿಕ ಕಾದಂಬರಿ 1814ರದು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ 1865ರದು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದಲೂ ಗಳಗನಾಥರು ಮರಾಠಿಯಿಂದಲೂ ಕನ್ನಡಿಗರಿಗೆ ಈ ರುಚಿಯನ್ನು ಹತ್ತಿಸಿದರು. ಮುಂದೆ ಮಾಸ್ತಿ, ತ.ರಾ.ಸು. ಮೊದಲಾದವರ ಕೈಯಲ್ಲಿ ಅದು ನಮ್ಮದೇ ಆಯಿತು.

ನನಗೆ ಈ ರುಚಿ ಹತ್ತಿದುದು ಬಿ.ಕಾಂ. ಓದುತ್ತಿದ್ದ ಕಾಲದಲ್ಲಿ. ಸಂಜೆ ತಂದೆಯವರ ಅಂಗಡಿಯಲ್ಲಿ ರೋಕಡಿ ಪುಸ್ತಕ ಬರೆಯುವುದು ನನ್ನ ಕೆಲಸ. ಅದರ ಕೆಳಗೆ ಬಾಡಿಗೆ ಲೈಬ್ರರಿಯಿಂದ ತಂದ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಇರುತ್ತಿತ್ತು. ಬೆಂಗಳೂರಿನ ಪ್ರಸಿದ್ಧ ವ್ಯಾಯಾಮಪಟುವೊಬ್ಬರು ಅಷ್ಟು ಕೋಮಲವಾಗಿ ಬರೆದಿದ್ದಾರೆಂಬುದೇ ಒಂದು ವಿಸ್ಮಯ. ಒಂದು ಸಂಜೆ ಜಮೆಯ ಕಡೆ ಬರೆಯಬೇಕಾದ ಮೊತ್ತವನ್ನು ಖರ್ಚಿನ ಕಡೆ ಬರೆದು, ರಾತ್ರಿ ಹನ್ನೊಂದರವರೆಗೂ ಸಿಲ್ಕು ಹೊಂದದೆ, ತಂದೆಯವರಿಂದ ಬೈಸಿಕೊಂಡದ್ದು ಈಗಲೂ ನೆನಪಿದೆ. ಪ್ರಮಾದವೆಂದರೇನೆಂದು ಶಾಸ್ತ್ರಕ್ಕಿಂತ ಮೊದಲು ನನಗೆ ತಿಳಿಸಿದುದು ಆ ರೋಕಡಿ ಪುಸ್ತಕವೇ.

ಏಕೆ ಈ ಕಥೆಗಳು ಬಾಡುವುದಿಲ್ಲ? ದೂರದ ಕಾಲವೂ ರಾಜವೈಭವವೂ ಮನಸ್ಸನ್ನು ಸೆಳೆಯುತ್ತವೆಂದು ಹೇಳುವುದುಂಟು. ನನಗೆ ಅದಷ್ಟೇ ಸಾಲದೆನಿಸುತ್ತದೆ. ಶಾಂತಲೆಯ ಮನೆಯನ್ನೇ ನೋಡಿ. ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಪತಿ ವಿಷ್ಣುವರ್ಧನನು ಶ್ರೀವೈಷ್ಣವದತ್ತ ಒಲಿದನೆಂದು ಪ್ರತೀತಿ. ಆಕೆ ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾಗಿಯೇ ಉಳಿದಳು. 1117ರಲ್ಲಿ ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳೂ ಆಕೆಯೇ, 1123ರಲ್ಲಿ ಚಂದ್ರಗಿರಿಯ ಮೇಲೆ ಶಾಂತಿನಾಥನ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳೂ ಆಕೆಯೇ. ಬೇರೆ ಬೇರೆ ದೇವರ ಕೋಣೆಗಳಿರುವ ಮನೆಗೆ ಸೊಸೆಯಾಗಿ ಹೋದ ಹೆಣ್ಣುಮಗಳು ತನ್ನ ಆಚಾರವನ್ನು ಬಿಡದೆ, ಗಂಡನ ಮನಸ್ಸನ್ನೂ ನೋಯಿಸದೆ ಬಾಳಿದ ಬಗೆ ಹೇಗೆ? ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಇದು ಹನ್ನೆರಡನೆಯ ಶತಮಾನದ ಪ್ರಶ್ನೆಯಲ್ಲ. ಸವತಿ, ಸಂತಾನ, ಅತ್ತೆಮನೆಯ ಮರ್ಯಾದೆ, ಇವುಗಳನ್ನು ನೆರೆಮನೆಯ ಹೆಸರಿನಲ್ಲಿ ಬರೆದರೆ ಚಾಡಿಯಾಗುತ್ತದೆ. ಪಟ್ಟಮಹಿಷಿಯ ಹೆಸರಿನಲ್ಲಿ ಬರೆದರೆ ಎಲ್ಲರೂ ಕುಳಿತು ಮಾತನಾಡಬಹುದು.

ಮತ್ತೊಂದು ಕಾರಣವು ಶಾಸನಗಳ ಸ್ವಭಾವದಲ್ಲಿದೆ. ಬಿ.ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಸಂಖ್ಯೆ 500 ಆಯಿತು. ಈ ಸಂಪುಟಗಳಿಲ್ಲದಿದ್ದರೆ ಕಾದಂಬರಿಕಾರರಿಗೆ ಶಾಂತಲೆಯ ವೃತ್ತಾಂತವೇ ಇಷ್ಟು ದೊರೆಯುತ್ತಿರಲಿಲ್ಲ. ಆದರೆ ಶಾಸನವು ದತ್ತಿಯ ಪತ್ರ. ಯಾವ ಊರನ್ನು ಬಿಟ್ಟರು, ಯಾವ ಗುರುಗಳ ಪಾದ ತೊಳೆದು ಕೊಟ್ಟರು ಎಂಬುದನ್ನು ಹೇಳುತ್ತದೆ. ಆಕೆ ಗೀತವಾದ್ಯನೃತ್ಯಗಳಲ್ಲಿ ನಿಪುಣೆಯೆಂದೂ, ಸವತಿಯರಿಗೆ ಮದಗಜದಂತಿದ್ದಳೆಂದೂ ಬಿರುದಿನಲ್ಲಿ ಹೇಳಿ ಸುಮ್ಮನಾಗುತ್ತದೆ. ರಾತ್ರಿ ರಾಜನೊಡನೆ ಆಕೆ ಏನು ಮಾತನಾಡಿದಳೆಂಬುದು ಕಲ್ಲಿನ ಮೇಲಿಲ್ಲ. ಆ ಖಾಲಿ ಜಾಗದಲ್ಲಿಯೇ ಪ್ರೇಮಕಾದಂಬರಿ ಬೆಳೆಯುವುದು.

ಅಲ್ಲಿಯೇ ಅಪಾಯವೂ ಇರುವುದು. ಕೆಲವು ವರ್ಷಗಳ ಹಿಂದೆ ಮೊಮ್ಮಗಳೊಡನೆ ಶಿವಗಂಗೆಯ ಬೆಟ್ಟವನ್ನು ಹತ್ತಿದ್ದೆ. ಮೇಲೊಂದು ಕಡಿದಾದ ಬಂಡೆಯ ಅಂಚನ್ನು ತೋರಿಸಿ, ಮಕ್ಕಳಾಗದ ದುಃಖದಿಂದ ಶಾಂತಲೆ ಇಲ್ಲಿಂದ ಹಾರಿ ಪ್ರಾಣ ಬಿಟ್ಟಳು, ರಾಜ್ಯಕ್ಕೆ ವಾರಸುದಾರ ಬರಲೆಂದು ಸವತಿಗೆ ದಾರಿ ಮಾಡಿಕೊಟ್ಟಳು ಎಂದು ಅಲ್ಲಿದ್ದವರೊಬ್ಬರು ವಿವರಿಸಿದರು. ಹುಡುಗಿ ಕೆಳಗೆ ಬರುವವರೆಗೂ ಮಾತನಾಡಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ, “ತಾತ, ಶಾಂತಲೆ ನಮ್ಮವಳಲ್ಲವೆ? ನಮ್ಮಲ್ಲಿ ಹಾಗೆ ಸಾಯಬಾರದು ಅಂತೀರಲ್ಲ?” ಎಂದಳು.

ಆ ಪ್ರಶ್ನೆಗೆ ಉತ್ತರವಾಗಿ ದಾಖಲೆಗಳನ್ನು ಒಂದೊಂದಾಗಿ ನೋಡೋಣ. ಚಂದ್ರಗಿರಿಯ ಶಾಸನವು, ಶಾಂತಲಾದೇವಿಯು ಚೈತ್ರ ಶುದ್ಧ ಪಂಚಮಿಯಂದು ಶಿವಗಂಗೆಯ ತೀರ್ಥದಲ್ಲಿ ‘ಮುಡಿಪಿ’ ಸ್ವರ್ಗಸ್ಥಳಾದಳೆಂದು ಹೇಳುತ್ತದೆ. ಕಾಲ 1131. ಬೆಟ್ಟದಿಂದ ಬಿದ್ದ ಮಾತಾಗಲಿ, ಪುತ್ರಶೋಕದ ಮಾತಾಗಲಿ ಅಲ್ಲಿಲ್ಲ. ಎರಡು ವರ್ಷಗಳ ನಂತರ, 1133ರಲ್ಲಿ, ಗಂಗರಾಜನ ಮಗ ಬೊಪ್ಪನು ದೋರಸಮುದ್ರದಲ್ಲಿ ಪಾರ್ಶ್ವನಾಥನನ್ನು ಪ್ರತಿಷ್ಠೆ ಮಾಡಿಸಿದ ಪ್ರಸಾದವು ವಿಷ್ಣುವರ್ಧನನಿಗೆ ತಲುಪಿದ ವೇಳೆಗೆ, ಯುದ್ಧದಲ್ಲಿ ಜಯವೂ ಲಕ್ಷ್ಮೀದೇವಿಯಲ್ಲಿ ಪುತ್ರಜನನವೂ ಒದಗಿದ್ದವು; ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಕುಮಾರನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಈ ಎರಡು ತಾರೀಖುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗ ತ್ಯಾಗದ ಕಥೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಆದರೆ ಖಾತೆಯಲ್ಲಿ ಎರಡು ನಮೂದುಗಳು ಹತ್ತಿರ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಮೇಲಾಗಿ 1130ರ ಹಂತೂರಿನ ಶಾಸನದಲ್ಲಿ ವಿಷ್ಣುವರ್ಧನನ ಮಗಳು ಹರಿಯಬ್ಬರಸಿ ಬಸದಿಯೊಂದನ್ನು ಕಟ್ಟಿಸಿದ್ದು ದಾಖಲಾಗಿದೆ. ಆಕೆಯ ಸಹೋದರ ಕುಮಾರ ಬಲ್ಲಾಳನ ಹೆಸರೂ ಇದೆ. ಶಾಂತಲೆ ಬದುಕಿದ್ದಾಗಲೇ ಆ ಅರಮನೆಯಲ್ಲಿ ಬೆಳೆದ ಮಕ್ಕಳಿದ್ದರು.

ಸಿ.ಕೆ. ನಾಗರಾಜರಾಯರು ಆತ್ಮಹತ್ಯೆಯ ಕಥೆಯನ್ನು ಒಪ್ಪದೆ, ವರ್ಷಗಟ್ಟಲೆ ಶಾಸನಗಳನ್ನು ಅಭ್ಯಸಿಸಿ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ಬರೆದರು. ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ 1983ರಲ್ಲಿ ಮೊಟ್ಟಮೊದಲು ಸಂದುದು ಈ ಕೃತಿಗೆ. ಗಾತ್ರವನ್ನು ಕಂಡು ಹೆದರುವವರಿದ್ದಾರೆ; ನಮ್ಮ ದಾನಿ ಶ್ರಾವಿಕೆಯ ಪ್ರತಿಯಲ್ಲಿ ಮಾತ್ರ ಕೊನೆಯ ಪುಟದವರೆಗೂ ಗುರುತುಗಳಿದ್ದವು.

ಆತ್ಮಹತ್ಯೆಯೆಂಬುದು ಬರಿಯ ಕಥೆಗಾರರ ಸ್ವಾತಂತ್ರ್ಯವೆಂದು ನಾವು ಸುಮ್ಮನಿರುವಂತಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ದೇಶದ ಜೈನರೆಲ್ಲ ಬೀದಿಗಿಳಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ದುಃಖದ ಆವೇಗದಲ್ಲಿ ಪ್ರಾಣ ಕಳೆಯುವುದಕ್ಕೂ, ಕಷಾಯಗಳನ್ನು ಕೃಶಗೊಳಿಸಿ ಗುರುಸಾಕ್ಷಿಯಾಗಿ ದೇಹವನ್ನು ಬಿಡುವುದಕ್ಕೂ ಇರುವ ಅಂತರವನ್ನು ನ್ಯಾಯಾಲಯಕ್ಕೆ ವಿವರಿಸುತ್ತಿರುವ ನಾವು, ನಮ್ಮ ಅತ್ಯಂತ ಪ್ರಸಿದ್ಧ ರಾಣಿಯ ಮರಣದಲ್ಲಿ ಆ ಅಂತರವನ್ನು ಕಥೆಗೆ ಬಿಟ್ಟುಕೊಟ್ಟಿದ್ದೇವೆ.

ಈ ಮಾತು ಕೇಳಿದೊಡನೆ ನಮ್ಮ ಟ್ರಸ್ಟಿನ ಅದೇ ಹಿರಿಯರು, ಹಾಗಾದರೆ ಶಾಂತಲೆ ಶಿವಗಂಗೆಯಲ್ಲಿ ಸಲ್ಲೇಖನ ಸ್ವೀಕರಿಸಿದಳೆಂದು ಕಿರುಪುಸ್ತಿಕೆ ಅಚ್ಚು ಹಾಕಿಸೋಣವೆಂದರು. ಹಣ ಕೊಡುವವರೂ ಸಿದ್ಧರಿದ್ದರು. ನಾನು ಒಪ್ಪಲಿಲ್ಲ, ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ಸ್ವಲ್ಪ ಕಡಿಮೆಯಾಗಿದೆ. ಚಂದ್ರಗಿರಿಯ ಪ್ರಾಚೀನ ನಿಷಿಧಿ ಲೇಖಗಳಲ್ಲಿ ‘ಮುಡಿಪ್ಪಿದರ್’ ಎಂಬ ಪದವು ವ್ರತಪೂರ್ವಕವಾಗಿ ದೇಹ ಬಿಟ್ಟವರಿಗೆ ಬಂದಿದೆ, ನಿಜ. ಶಾಂತಲೆಗೂ ಅದೇ ಪದ ಬಳಸಿರುವುದರಿಂದ ಅಂಥ ಊಹೆಗೆ ಅವಕಾಶವಿದೆ. ಆದರೆ ಅದೇ ಶಾಸನವು ತಾಯಿ ಮಾಚಿಕಬ್ಬೆಯ ವಿಷಯದಲ್ಲಿ ಎಷ್ಟು ವಿವರವಾಗಿ ಹೇಳುತ್ತದೆಂಬುದನ್ನು ಗಮನಿಸಬೇಕು. ಮಗಳ ಮರಣಾನಂತರ ಆಕೆ ಬೆಳಗೊಳಕ್ಕೆ ಬಂದು, ಸನ್ಯಸನ ಸ್ವೀಕರಿಸಿ, ಒಂದು ತಿಂಗಳು ಉಪವಾಸವಿದ್ದು, ಪ್ರಭಾಚಂದ್ರ, ವರ್ಧಮಾನ, ರವಿಚಂದ್ರ ಎಂಬ ಮುನಿಗಳ ಸಮ್ಮುಖದಲ್ಲಿ ಸಮಾಧಿ ಹೊಂದಿದಳು. ತಾಯಿಗೆ ವ್ರತ, ಅವಧಿ, ಗುರುಸಾಕ್ಷಿ ಎಲ್ಲವನ್ನೂ ಕೆತ್ತಿದವರು ಮಗಳಿಗೆ ಒಂದೇ ಪದವನ್ನು ಕೊಟ್ಟಿದ್ದಾರೆ. ವೋಚರಿಲ್ಲದ ನಮೂದನ್ನು ಪರರ ಪುಸ್ತಕದಲ್ಲಿ ಹೊಡೆದುಹಾಕಿ ನಮ್ಮ ಪುಸ್ತಕದಲ್ಲಿ ಉಳಿಸಿಕೊಳ್ಳುವುದು ಯಾವ ಆಡಿಟಿನಲ್ಲಿಯೂ ನಡೆಯದು. ಸತ್ಯಾಣುವ್ರತದಲ್ಲಂತೂ ನಡೆಯಲೇಬಾರದು.

ಇಲ್ಲಿ ಗುಜರಾತಿನ ಪ್ರಸಂಗವೊಂದು ನೆನಪಾಗುತ್ತದೆ. ಕನ್ಹಯ್ಯಾಲಾಲ ಮುನ್ಶಿಯವರು ಪಾಟಣದ ಸೋಲಂಕಿ ಅರಸರನ್ನು ಕುರಿತು 1916ರಿಂದ ಬರೆಯತೊಡಗಿದ ಕಾದಂಬರಿಗಳು ಗುಜರಾತಿಗಳ ಮನೆಮನೆಯನ್ನು ಮುಟ್ಟಿದವು. ಹೇಮಚಂದ್ರಾಚಾರ್ಯರ ಮನಸ್ಸು ಸ್ತ್ರೀಯೋರ್ವಳತ್ತ ಚಲಿಸಿದಂತೆ ಅವುಗಳಲ್ಲಿ ಚಿತ್ರಿಸಿದುದಕ್ಕೆ ಜೈನ ಸಮಾಜದಿಂದ ತೀವ್ರ ಪ್ರತಿಭಟನೆ ಬಂದಿತು. ನೋವು ನ್ಯಾಯವಾದದ್ದೇ. ಆದರೂ ಕಾದಂಬರಿ ಉಳಿಯಿತು, ಪ್ರತಿಭಟನೆಯ ಕರಪತ್ರಗಳು ಉಳಿಯಲಿಲ್ಲ.

ಪ್ರೇಮಕಥೆಗೆ ಒಗ್ಗದವರು ಮರೆಯಾಗುತ್ತಾರೆಂಬುದು ನನ್ನ ಇನ್ನೊಂದು ದೂರು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು. ಪತಿ ನಾಗದೇವನು ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದರೂ, ತಾನು ಮಗನಿಗಾಗಿಯೂ ವ್ರತಕ್ಕಾಗಿಯೂ ಬದುಕಿ ಉಳಿದಳು. ಆ ದೀರ್ಘ ವೈಧವ್ಯದಲ್ಲಿ ಕಾದಂಬರಿಕಾರನಿಗೆ ಬೇಕಾದ ಬೆಳದಿಂಗಳು ಇಲ್ಲ. ಬಾಡಿಗೆ ಲೈಬ್ರರಿಯಲ್ಲಿ ಅವಳ ಹೆಸರನ್ನು ಕೇಳಿದವರನ್ನು ನಾನು ಕಂಡಿಲ್ಲ.

ನನ್ನ ವರದಿಯನ್ನು ದೀಪಾವಳಿಯ ನಂತರದ ಸಭೆಯಲ್ಲಿ ಒಪ್ಪಿಸಿದೆ. ಕಾದಂಬರಿಗಳನ್ನು ಪ್ರತ್ಯೇಕ ಬೀರುವಿನಲ್ಲಿಡುವುದು, ಶಾಂತಲೆಯನ್ನು ಕುರಿತವುಗಳ ಜೊತೆಗೆ ಆಕೆಯ ಶಾಸನದ ಪಾಠವನ್ನೂ ಹೊಸಗನ್ನಡದ ತಾತ್ಪರ್ಯವನ್ನೂ ಅಚ್ಚುಮಾಡಿಸಿ ಒಳಹಾಳೆಗೆ ಅಂಟಿಸುವುದು ಎಂದು ಎರಡು ಸಲಹೆಗಳಿದ್ದವು. ಹಿರಿಯರು ಮೊದಲನೆಯದಕ್ಕೆ ಸಮ್ಮತಿಸಿ, ಎರಡನೆಯದಕ್ಕೆ ಅಂಟಿನ ಖರ್ಚು ಎಷ್ಟೆಂದು ಕೇಳಿದರು. ಹಾಳೆಗಳನ್ನು ಅಂಟಿಸುವ ಕೆಲಸವನ್ನು ರಜೆಗೆ ಬಂದಿದ್ದ ಮೊಮ್ಮಗಳು ಮಾಡಿದಳು. ಅವುಗಳಲ್ಲೊಂದು ಪುಸ್ತಕ ಇನ್ನೂ ಬೀರುವಿಗೆ ಹಿಂದಿರುಗಿಲ್ಲ. ನಮ್ಮ ಮನೆಯಲ್ಲಿಯೇ ಇದೆ.